ಮೊಣಕಾಲಿನ ಗೇರು

ವಾಡಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿದ್ದ ಅಬ್ದುಲ್ ಗನಿಯ ಸೈಕಲ್ ಅಂಗಡಿಗೆ ಚಂದ್ರಾಮ ಮೂರನೇ ಸಲ ಬಂದಾಗ ಅವನ ಕೆಳತುಟಿ ಸೀಳಿ, ರಕ್ತ ಅಂಗಿಯ ಗುಂಡಿಗಳವರೆಗೆ ಇಳಿದಿತ್ತು. ಮುಂದಿನ ಹಲ್ಲೊಂದು ಹೋಗಿತ್ತು. ಎಡಗೈಯಿಂದ ದೂಡಿಕೊಂಡು ಬಂದ ಸೈಕಲ್ಲನ್ನು ಕಟ್ಟೆಗೆ ಆನಿಸಿ, ಬಾಯಲ್ಲಿದ್ದದ್ದನ್ನು ಉಗುಳಿ, "ಗನಿ ಚಾಚಾ, ಈ ಜಾಗಾನೂ ಆಗಂಗಿಲ್ಲ. ಬ್ಯಾರೆ ಕಡೆ ಹಚ್ಚು," ಅಂದ.

ಅವನ ಅಂಗಿಯ ಬಲತೋಳು ಮಡಚಿ ಪಿನ್ನು ಹಾಕಿತ್ತು. ಮೊಣಕೈಯಿಂದ ಕೆಳಗೆ ಕೈ ಇರಲಿಲ್ಲ.

ಸೈಕಲ್ಲು ಮೂರು ಗೇರಿನದು. ಸಿಮೆಂಟಿನ ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದಿದ್ದ ಬಿಳಿ ಸಾಹೇಬನೊಬ್ಬ ತಿರುಗಿ ಹೋಗುವಾಗ ಬಿಟ್ಟುಹೋದದ್ದು. ಎರಡು ವರ್ಷ ಗನಿಯ ಅಂಗಡಿಯ ಹಿಂದೆ ಗೋಣಿತಟ್ಟು ಹೊದ್ದು ನಿಂತಿತ್ತು. ಹಿಂದಿನ ಗಾಲಿಯ ನಡುವೆ ದಪ್ಪನೆಯ ಡಬ್ಬಿ, ಗೇರು ಅದರೊಳಗೆ. ಅಲ್ಲಿಂದ ಒಂದು ತಂತಿ ಹೊರಟು ಹ್ಯಾಂಡಲಿನ ಬಲಗಡೆಯ ಖಟಕಾಕ್ಕೆ ಸೇರುತ್ತದೆ. ಖಟಕಾವನ್ನು ಹೆಬ್ಬೆರಳಿನಿಂದ ಒತ್ತಿದರೆ ಗೇರು ಸಣ್ಣದಾಗಿ ಎಂಥ ಏರನ್ನೂ ಹತ್ತಬಹುದು. ಬಲಗೈ ಇದ್ದವರು.

ಗನಿ ಮೊದಲು ಖಟಕಾವನ್ನು ಎಡಗಡೆಗೆ ಹಾಕಿಕೊಟ್ಟಿದ್ದ. ಹಿಡಿಯುವುದೂ ಬ್ರೇಕೂ ಗೇರೂ ಒಂದೇ ಕೈಗೆ ಬಂದು, ಹೆಬ್ಬೆರಳು ಒತ್ತಿದ ಕೂಡಲೇ ಹ್ಯಾಂಡಲು ಹೊರಳಿ ಚಂದ್ರಾಮ ಜಾಲಿಕಂಟಿಯೊಳಗೆ ಬಿದ್ದ. ಎರಡನೇ ಸಲ ಸೀಟಿನ ಕೆಳಗಿನ ಕೊಳವೆಗೆ ಹಾಕಿದ. ಅಲ್ಲಿಗೆ ಕೈ ಒಯ್ದರೆ ಹ್ಯಾಂಡಲಿಗೆ ಯಾರೂ ದಿಕ್ಕಿಲ್ಲ. ಇವತ್ತು ಹಲ್ಲು ಹೋದದ್ದು ಹಾಗೆ.

ಗನಿ ಅವನಿಗೆ ನೀರು ಕೊಟ್ಟು, ಯಾವುದಾದರೂ ಗೋದಾಮಿನ ಮುಂದೆ ಕಾವಲು ಕೂಡುವ ಕೆಲಸ ಹುಡುಕಿಕೋ ಅಂತ ಬುದ್ಧಿ ಹೇಳಿದ. ಒಂದು ಕೈಯವನಿಗೆ ಖಣಿಯ ತಗ್ಗು ಯಾಕೆ, ಅದೂ ಮದ್ದು ಹಾರಿಸುವ ಕೆಲಸ ಯಾಕೆ ಅಂದ. ಚಂದ್ರಾಮ ಬಾಯಿ ಮುಕ್ಕಳಿಸಿ, ಅದನ್ನೆಲ್ಲ ಕೇಳಿಸಿಕೊಂಡು, ಮತ್ತೆ ಸೈಕಲ್ಲಿನ ಕಡೆ ನೋಡಿದ.

ವಾಡಿಯಿಂದ ಶಹಾಬಾದಕ್ಕೆ ಹೋಗುವ ರಸ್ತೆಯ ಎಡಕ್ಕೆ ಒಬ್ಬ ಗುತ್ತೇದಾರನ ಕಲ್ಲಿನ ಖಣಿ. ಅಲ್ಲಿ ಎಂಟು ವರ್ಷ ಸುರಂಗದ ಬತ್ತಿಗೆ ಬೆಂಕಿ ಹಚ್ಚುತ್ತಿದ್ದವನು ಚಂದ್ರಾಮನೇ. ಬಂಡೆಯಲ್ಲಿ ಸುರಂಗದ ತೂತು ಕೊರೆದು, ಮದ್ದು ತುಂಬಿ, ಒಂದೊಂದು ತೂತಿನಿಂದ ಎರಡೂವರೆ ಮೊಳದ ಬತ್ತಿ ಹೊರಗೆ ಬಿಟ್ಟಿರುತ್ತಾರೆ. ಎಲ್ಲಕ್ಕಿಂತ ದೂರದ ಬತ್ತಿಯಿಂದ ಹಚ್ಚುತ್ತ ಬಂದು, ಕಡೆಯದಕ್ಕೆ ಬೆಂಕಿ ತಾಕಿಸಿ, ಬಂಡಿ ಇಳಿಯುವ ಏರುದಾರಿ ಹಿಡಿದು ಮೇಲಕ್ಕೆ ಓಡಬೇಕು. ಬತ್ತಿ ಪೂರಾ ಉದ್ದ ಇದ್ದರೆ ಓಡಿ, ಗೋಡೆಯ ಮರೆಗೆ ಕೂತು, ಬೀಡಿಯ ಎರಡು ದಮ್ಮು ಎಳೆಯುವಷ್ಟು ಹೊತ್ತು ಇರುತ್ತದೆ.

ಒಂಬತ್ತು ತಿಂಗಳ ಹಿಂದೆ ಹತ್ತನೇ ಬತ್ತಿಯ ಮುಂದೆ ಬಗ್ಗಿದ್ದಾಗಲೇ ಮೊದಲನೆಯದು ಸಿಡಿಯಿತು. ಹಾಸುಗಲ್ಲಿನ ಒಂದು ಚಕ್ಕೆ, ಬಾಗಿಲಷ್ಟು ಅಗಲದ್ದು, ಹಾರಿ ಬಂದು ಅವನ ಬಲಗೈಯನ್ನು ಬಂಡೆಗೆ ಸೇರಿಸಿ ಅರೆಯಿತು. ಗುಲಬರ್ಗಾದ ಆಸ್ಪತ್ರೆಯಲ್ಲಿ ಉಳಿದದ್ದನ್ನು ಕತ್ತರಿಸಿದರು.

ಬತ್ತಿ ಕತ್ತರಿಸಿ ಕೊಡುತ್ತಿದ್ದವನು ಆಳುಗಳ ಮೇಲಿನ ಮುಕದ್ದಮ ಭೀಮಶ್ಯಾ. ಸೇಡಂ ಕಡೆಯ ಕುರಕುಂಟಾದವನು. ತಾಡಪತ್ರಿಯ ಕೆಳಗೆ ಒಬ್ಬನೇ ಕೂತು ಕತ್ತರಿಸುತ್ತಿದ್ದ. ಉಳಿಸಿದ ಬತ್ತಿ ಅವನ ಊರಿನ ಕಡೆ ಬಾವಿ ತೋಡುವವರಿಗೆ ಹೋಗುತ್ತದೆಂಬುದು ಚಂದ್ರಾಮನಿಗೆ ಆಮೇಲೆ ತಿಳಿಯಿತು. ಭೀಮಶ್ಯಾ ಗುತ್ತೇದಾರನಿಗೆ ಹೇಳಿದ್ದು ಬೇರೆ. ಚಂದ್ರಾಮ ಕುಡಿದು ಇಳಿದಿದ್ದ, ಅಮಲಿನಲ್ಲಿ ತಡ ಮಾಡಿದ ಅಂತ.

ಚಂದ್ರಾಮ ಮೊದಲು ಕುಡಿಯುತ್ತಿದ್ದದ್ದು ಖರೆ. ಅದಕ್ಕೇ ಹೆಂಡತಿ ಪೀರಮ್ಮ ಒಮ್ಮೆ ತವರುಮನೆ ಕಾಳಗಿಗೆ ಹೋಗಿ ಕೂತಿದ್ದಳು. ದರ್ಗಾದ ಹೊಸ್ತಿಲ ಮೇಲೆ ಕೈ ಇಟ್ಟು ಆಣೆ ಮಾಡಿದ ಮೇಲೆ ತಿರುಗಿ ಬಂದಳು. ಅಂದಿನಿಂದ ಅವನು ಒಂದು ಹನಿ ಮುಟ್ಟಿರಲಿಲ್ಲ. ಆದರೂ ಆಸ್ಪತ್ರೆಯಲ್ಲಿ ಅವನು ಕಣ್ಣು ತೆರೆದಾಗ ಅವಳು ಮಾಡಿದ ಮೊದಲ ಕೆಲಸವೆಂದರೆ, ಬಗ್ಗಿ ಅವನ ಬಾಯಿ ಮೂಸಿದ್ದು. ಆ ಕೋಣೆಯಲ್ಲಿ ಗೋಡೆಯಿಂದ ಹಿಡಿದು ಎಲ್ಲವೂ ಸ್ಪಿರಿಟ್ಟಿನ ವಾಸನೆ ಹೊಡೆಯುತ್ತಿತ್ತು. ಅವಳು ಏನೂ ಕೇಳಲಿಲ್ಲ. ಅವತ್ತಿನಿಂದ ಇವತ್ತಿನವರೆಗೂ ಕೇಳಿರಲಿಲ್ಲ.

ಹೋದ ಕೈಗಿಂತ ಅದು ಅವನನ್ನು ಹೆಚ್ಚು ಕೊರೆಯುತ್ತಿತ್ತು. ಭೀಮಶ್ಯಾ ಎಲ್ಲರೆದುರು ನಿಂತು ತಾನು ಬತ್ತಿ ಗಿಡ್ಡ ಮಾಡಿದೆ ಅನ್ನಬೇಕು, ಪೀರಮ್ಮ ಅದನ್ನು ಕೇಳಬೇಕು. ಮದ್ದು ತುಂಬಿದ ಮೇಲೆ ಬೇರೆ ಯಾರೂ ತಗ್ಗಿಗೆ ಇಳಿಯುವಂತಿಲ್ಲ, ಬತ್ತಿಯ ಉದ್ದ ಕಾಣುವುದು ಹಚ್ಚುವವನಿಗೆ ಮಾತ್ರ. ಅದಕ್ಕೇ ಅವನು ಮತ್ತೆ ತಗ್ಗಿಗೆ ಇಳಿಯಬೇಕಿತ್ತು.

ಗುತ್ತೇದಾರ ಒಪ್ಪಿದ್ದು ಒಂದು ಕರಾರಿನ ಮೇಲೆ, ಆ ಕರಾರು ಭೀಮಶ್ಯಾನದು. ಒಂದು ಕೈಯಿಂದ ಹಚ್ಚುವವನಿಗೆ ಎರಡರಷ್ಟು ಹೊತ್ತು ಬೇಕು, ಹಾಗಾದರೆ ಬೇರೆಯವರು ಓಡಿ ಬರುವ ಅರ್ಧ ಹೊತ್ತಿನಲ್ಲಿ ಮೇಲೆ ಬಂದು ತೋರಿಸಲಿ. ಕಾಲಿನಿಂದ ಯಾರೂ ಹಾಗೆ ಓಡಲಾರರು. ಸಾದಾ ಸೈಕಲ್ಲು ಆ ಏರು ಹತ್ತುವುದಿಲ್ಲ. ಗನಿಯ ಗೋಣಿತಟ್ಟಿನ ಕೆಳಗಿದ್ದ ಸೈಕಲ್ಲು ಹತ್ತಬಹುದಿತ್ತು.

ಇದನ್ನೆಲ್ಲ ಚಂದ್ರಾಮ ಅವತ್ತು ಗನಿಗೆ ಪೂರಾ ಹೇಳಿದ. ಗನಿ ಎದ್ದು, ಹಳೇ ಲಾರಿಯ ಸ್ಪ್ರಿಂಗ್ ಪಾಟಾದ ಒಂದು ತುಂಡು ತಂದು ಅರದಿಂದ ಉಜ್ಜತೊಡಗಿದ. ಖಟಕಾವನ್ನು ಸೀಟಿನ ಮುಂದಿನ ಅಡ್ಡ ಕೊಳವೆಯ ಮೇಲೆ ಕೂಡಿಸಿದ. ಅದರ ತುದಿಗೆ ಪಾಟಾದ ತುಂಡನ್ನು ನಾಲಿಗೆಯ ಹಾಗೆ ಬಲಕ್ಕೆ ಚಾಚಿ ಬಿಗಿದ.

"ಕೈ ಬಿಡು. ಮೊಣಕಾಲಿಲೆ ಒಳಗ ಒತ್ತು. ಒಮ್ಮೆಲೆ, ಪೂರಾ. ಒತ್ತುವಾಗ ಪೆಡಲ್ ತುಳೀಬ್ಯಾಡ, ಒಂದು ಕ್ಷಣ ಕಾಲು ಸತ್ತಂಗ ಇರಲಿ. ಅರ್ಧಕ್ಕ ನಿಂತಿ ಅಂದ್ರ ನಡುವ ಒಂದು ಸತ್ತ ಜಾಗ ಅದ, ಅಲ್ಲಿ ಗೇರೂ ಇಲ್ಲ ಏನೂ ಇಲ್ಲ. ಪೆಡಲ್ ಖಾಲಿ ತಿರಗ್ತದ, ನೀ ಕೊಳವಿ ಮ್ಯಾಲ ಕುಂದ್ರತಿ."

"ಕುಂತ್ರ ಏನಾಗ್ತದ?"

"ಪೀರಮ್ಮಗ ಹೋಗಿ ಕೇಳು ಏನಾಗ್ತದ ಅಂತ."

ಅವನು ಕೂತ. ಒಂದು ಸಲ ಅಲ್ಲ. ಚಿತ್ತಾಪುರದ ಹಾದಿಯಲ್ಲಿ ಒಂದು ಏರಿದೆ, ಅಲ್ಲಿ ದಿನಾ ಸಂಜೆ ಹತ್ತಿದ. ಮೊಣಕಾಲು ಅರ್ಧಕ್ಕೆ ನಿಂತಾಗಲೆಲ್ಲ ಪೆಡಲು ಖಾಲಿ ತಿರುಗಿ ಅವನು ಕೊಳವೆಯ ಮೇಲೆ ಅಪ್ಪಳಿಸಿ, ಕಣ್ಣು ಕತ್ತಲೆಗೂಡಿ, ಪಕ್ಕಕ್ಕೆ ಉರುಳುತ್ತಿದ್ದ. ಬೀಳುವಾಗ ಬಲಗೈ ಊರಲು ಹೋಗುತ್ತಿದ್ದ. ಇಲ್ಲದ ಕೈ ಅದು, ಮೋಟು ನೆಲಕ್ಕೆ ಬಡಿದು ಹೊಲಿಗೆಯ ಗೆರೆ ಬಿಚ್ಚುತ್ತಿತ್ತು. ಕಬ್ಬಿಣದ ನಾಲಿಗೆ ಉಜ್ಜಿ ಉಜ್ಜಿ ಮೊಣಕಾಲಿನ ಒಳಬದಿ ಹಸಿಮಾಂಸವಾಯಿತು. ಇಪ್ಪತ್ತು ದಿನ ಆದ ಮೇಲೆ ಕಾಲಿಗೆ ಅದು ಬಂತು. ಏರು ಕಂಡ ಕೂಡಲೇ ಪೆಡಲು ತಾನೇ ತಡೆದು, ಮೊಣಕಾಲು ತಾನೇ ಒಳಗೆ ಹೋಗಿ, ಡಬ್ಬಿಯಲ್ಲಿ ಟಕ್ ಅಂದು, ಸೈಕಲ್ಲು ಎತ್ತಿನ ಹಾಗೆ ಹತ್ತತೊಡಗಿತು.

ಒಂದು ದಿನ ಪೀರಮ್ಮ ಮೊಣಕಾಲಿಗೆ ಅರಿಶಿಣ ಹಚ್ಚುತ್ತ, "ಯಾರ ಮ್ಯಾಲಿನ ಸಿಟ್ಟು ಇದು? ರಸ್ತಾದ ಮ್ಯಾಲೇನು?" ಅಂದಳು.

"ನೀ ನನ್ನ ಬಾಯಿ ಮೂಸಿದಿ," ಅಂದ ಚಂದ್ರಾಮ.

ಅವಳ ಕೈ ನಿಂತಿತು. ಮತ್ತೆ ಹಚ್ಚಿತು. ಹಚ್ಚಿದ ರೀತಿಗೆ ಅವನು ಹಲ್ಲು ಕಚ್ಚಬೇಕಾಯಿತು.

ಪರೀಕ್ಷೆಯ ದಿನ ಅವನು ಅರ್ಧ ಹೊತ್ತಿಗಿಂತ ಮೊದಲೇ ಮೇಲೆ ಬಂದ. ಭೀಮಶ್ಯಾ ನಕ್ಕು, ಟುಂಡ್ಯಾ ಸರ್ಕಸ್ ಕಂಪನಿಗೆ ಹೋಗೋದು ಬಿಟ್ಟು ಇಲ್ಲಿಗೆ ಬಂದಾನ ಅಂದ. ನಕ್ಕವರು ಕಡಿಮೆ. ಮರುದಿನದಿಂದ ಚಂದ್ರಾಮ ಬೀಡಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಲ್ಲಿ ಬತ್ತಿಯ ಸೀಳಿದ ತುದಿ ಹಿಡಿದು, ಮುಖವನ್ನೇ ತಗ್ಗಿಸಿ ಬೆಂಕಿ ತಾಕಿಸತೊಡಗಿದ. ಕಿಡಿ ಹಾರಿ ಮೀಸೆ ಸುಟ್ಟಿತು, ಹುಬ್ಬು ಸುಟ್ಟಿತು. ಹನ್ನೊಂದು ದಿನ ಬತ್ತಿ ಪೂರಾ ಇದ್ದವು.

ಹನ್ನೆರಡನೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ ತಗ್ಗಿಗೆ ಇಳಿದಾಗ ಏಳೂ ಬತ್ತಿ ಗಿಡ್ಡ ಇದ್ದವು. ಮೊಣಕೈಯಿಂದ ಬೆರಳ ತುದಿಯವರೆಗೆ ಇಟ್ಟು ನೋಡಿದ. ಒಂದು ಮೊಳ, ಅದರ ಮೇಲೆ ಆರು ಬೆರಳು. ಅರ್ಧ. ಇಷ್ಟು ದಿನ ಅವನು ಕಾದದ್ದು ಇದಕ್ಕೇ.

ಬೆಂಕಿ ಹಚ್ಚದೆ ಮೇಲೆ ಬಂದ. ಗೋಡೆಯ ಮರೆಯಲ್ಲಿ ಆಳುಗಳೆಲ್ಲ ಕೂತಿದ್ದರು. ಕಲ್ಲು ಒಡೆಯುವ ಹೆಂಗಸರ ಸಾಲಿನಲ್ಲಿ ಪೀರಮ್ಮನೂ ಇದ್ದಳು. ಚಂದ್ರಾಮ ಎಲ್ಲರಿಗೂ ಕೇಳುವ ಹಾಗೆ ಬತ್ತಿ ಅರ್ಧ ಅದ ಅಂದ. ಭೀಮಶ್ಯಾ ಎದ್ದು ಬಂದು ಅವನ ಕಪಾಳಕ್ಕೆ ಹೊಡೆದ. ಮತ್ತೊಂದು ಹೊಡೆತಕ್ಕೆ ಕೈ ಎತ್ತಿದಾಗ ಚಂದ್ರಾಮ ತಲೆಯಿಂದ ಅವನ ಮೂಗಿಗೆ ಗುದ್ದಿದ. ಮೂಗಿನ ಎಲುಬು ಮುರಿದದ್ದು ಹೆಂಗಸರ ಸಾಲಿನವರೆಗೂ ಕೇಳಿಸಿತು. ಭೀಮಶ್ಯಾ ಅವನನ್ನು ಕೆಡವಿ, ಮೋಟುಗೈಯ ಮೇಲೆ ಮೊಣಕಾಲೂರಿ, ಮುಖದ ಮೇಲೆ ಗುದ್ದಿದ. ನಾಲ್ಕು ಮಂದಿ ಬಂದು ಬಿಡಿಸಬೇಕಾಯಿತು.

"ಕುಡ್ದು ಬಂದಾನ ಸೂಳೇಮಗ. ಬತ್ತಿ ಪೂರಾ ಅದ. ಮೊದಲಿನಂಗೇ ಕುಡ್ದು ಬಂದಾನ," ಅಂತ ಭೀಮಶ್ಯಾ ರಕ್ತ ಒರೆಸಿಕೊಳ್ಳುತ್ತ ಅಂದ.

ಆ ಖಣಿಗಳಲ್ಲಿ ಒಂದು ಹಳೇ ರೂಢಿ ಇತ್ತು. ಬತ್ತಿ ಕತ್ತರಿಸಿದವನು ಹಚ್ಚುವವನ ಜೊತೆ ಇಳಿದು ಮೊದಲನೇ ಬತ್ತಿಗೆ ತನ್ನ ಬೀಡಿಯಿಂದಲೇ ಬೆಂಕಿ ತಾಕಿಸಬೇಕು, ಕಡೆಯದು ಹತ್ತುವವರೆಗೆ ಅಲ್ಲೇ ನಿಲ್ಲಬೇಕು. ಭೀಮಶ್ಯಾ ಮುಕದ್ದಮನಾದ ಮೇಲೆ ಅದು ಬಿಟ್ಟುಹೋಗಿತ್ತು, ಯಾರೂ ಕೇಳಿರಲಿಲ್ಲ. ಚಂದ್ರಾಮ ನೆಲದಿಂದ ಎದ್ದು ಅದನ್ನೇ ಕೇಳಿದ. ಅಷ್ಟು ದಿನ ರೀ ಹಚ್ಚಿ ಮಾತಾಡುತ್ತಿದ್ದವನು ಈಗ ಹಚ್ಚಲಿಲ್ಲ.

"ಬತ್ತಿ ಪೂರಾ ಅದ ಅಂತಿ. ಹಂಗಂದ್ರ ನನ್ನ ಸಂಗಾಟ ಇಳಿ. ನಿನ್ನ ಬೀಡಿಲೆ ಮೊದಲನೇದು ಹಚ್ಚು."

ಎಲ್ಲರೂ ಭೀಮಶ್ಯಾನನ್ನು ನೋಡುತ್ತಿದ್ದರು. ಒಲ್ಲೆ ಅಂದರೆ ಅದೇ ಒಪ್ಪಿಕೊಂಡ ಹಾಗೆ. ಅವನು ಮೂಗಿನ ರಕ್ತ ಮತ್ತೆ ಒರೆಸಿ, ಬೀಡಿ ಹಚ್ಚಿಕೊಂಡು, ಏರುದಾರಿ ಇಳಿಯತೊಡಗಿದ. ಚಂದ್ರಾಮ ಸೈಕಲ್ಲು ದೂಡಿಕೊಂಡು ಹಿಂದೆ ಇಳಿದ.

ಸೈಕಲ್ಲನ್ನು ತಗ್ಗಿನ ನಡುವಿನಲ್ಲಿ, ಏರಿನ ಕಡೆ ಮುಖ ಮಾಡಿ ನಿಲ್ಲಿಸಿದ. ಭೀಮಶ್ಯಾ ಮೊದಲನೇ ಬತ್ತಿಗೆ ಬೀಡಿ ತಾಕಿಸಿದ. ಅದು ಬುಸ್ಸೆಂದು ಉರಿಯತೊಡಗಿತು. ಚಂದ್ರಾಮ ಎರಡನೆಯದಕ್ಕೆ ಬಗ್ಗಿದ. ಮೂರನೆಯದು. ಅವನಿಗೆ ಅವಸರ ಇರಲಿಲ್ಲ, ನಿಧಾನವೂ ಇರಲಿಲ್ಲ. ಭೀಮಶ್ಯಾ ತಾನು ಹಚ್ಚಿದ ಬತ್ತಿಯನ್ನೇ ತಿರುಗಿ ತಿರುಗಿ ನೋಡುತ್ತಿದ್ದ. ಅದು ಎಷ್ಟು ಉಳಿದಿದೆ ಎಂದು ಲೋಕದಲ್ಲಿ ಯಾರಿಗಾದರೂ ಸರಿಯಾಗಿ ಗೊತ್ತಿದ್ದರೆ ಅವನಿಗೇ.

ನಾಲ್ಕನೆಯದು ಹತ್ತಿದ ಕೂಡಲೇ ಭೀಮಶ್ಯಾ ಓಡಿದ. ಸೈಕಲ್ಲು ಸಿಕ್ಕಿತು, ಹಾರಿ ಕೂತು ತುಳಿದ. ಬಯಲಿನಲ್ಲಿ ಅದು ಬಾಣದ ಹಾಗೆ ಹೋಯಿತು. ಆದರೆ ಅವನು ಜಗತ್ತಿನಲ್ಲಿರುವ ಎಲ್ಲ ಸೈಕಲ್ಲುಗಳ ಹಾಗೆ ಅದನ್ನು ತುಳಿಯುತ್ತಿದ್ದ. ಏರಿನ ಬುಡದಲ್ಲಿ ಭಾರ ಬಿದ್ದಾಗ ಎದ್ದು ನಿಂತು, ಜೀವ ಹಾಕಿ ಒತ್ತಿದ. ಅವನ ಮೊಣಕಾಲು ಕಬ್ಬಿಣದ ನಾಲಿಗೆಗೆ ಬಡಿದು ಖಟಕಾ ಅರ್ಧಕ್ಕೆ ನಿಂತಿತು. ಪೆಡಲು ಖಾಲಿ ತಿರುಗಿತು. ಅವನು ಕೊಳವೆಯ ಮೇಲೆ ಕುಸಿದು, ಕೂಗಲೂ ಆಗದೆ, ಸೈಕಲ್ಲಿನ ಸಮೇತ ಮಗ್ಗುಲಿಗೆ ಬಿದ್ದ. ಪೆಡಲಿನ ಹಲ್ಲು ಅವನ ಕಣಕಾಲನ್ನು ಎಲುಬಿನವರೆಗೆ ಸೀಳಿತ್ತು.

ಚಂದ್ರಾಮ ಓಡಿ ಬಂದು ಸೈಕಲ್ಲೆತ್ತಿದ. ಏರಿದ. ಒಂದು ಕಾಲು ನೆಲದ ಮೇಲಿಟ್ಟು ನಿಂತ.

"ಅವತ್ತ ಎಷ್ಟು ಕತ್ತರಿಸಿದ್ದಿ?"

"ಚಂದ್ರಾಮ, ಕೈ ಮುಗೀತೀನಿ, ಎತ್ತಪ್ಪ."

"ಎಷ್ಟು?"

"ಇಷ್ಟೇ. ಇವತ್ತಿನಷ್ಟೇ. ಅರ್ಧ."

"ಮ್ಯಾಲ ಹೇಳ್ತಿ?"

"ಹೇಳ್ತೀನಿ. ನನ್ನ ಮಕ್ಕಳಾಣಿ ಹೇಳ್ತೀನಿ."

ಅಲ್ಲೇ ಬಿಟ್ಟು ಹೋಗಬಹುದಿತ್ತು. ಹೋಗುವ ಮನಸ್ಸೂ ಆಗಿತ್ತು, ಆಮೇಲೆ ಅದನ್ನು ಅವನು ಯಾರೆದುರೂ ಮುಚ್ಚಿಡಲಿಲ್ಲ. ಆದರೆ ಸತ್ತವನು ಮೇಲೆ ಬಂದು ಏನು ಹೇಳುತ್ತಾನೆ. ಕ್ಯಾರಿಯರಿನ ಮೇಲೆ ಕೂಡಿಸಿಕೊಂಡ. ಭೀಮಶ್ಯಾ ಅವನ ಸೊಂಟಕ್ಕೆ ಜೋತುಬಿದ್ದ. ಮೊಣಕಾಲು ಒತ್ತಿ, ಟಕ್ ಅನ್ನಿಸಿ, ಹತ್ತತೊಡಗಿದ. ಒಂದೇ ಕೈಯಲ್ಲಿ ಹ್ಯಾಂಡಲು ಆ ಕಡೆ ಈ ಕಡೆ ಒದ್ದಾಡುತ್ತಿತ್ತು. ಕಾಲಿನ ನರ ಕಿತ್ತು ಬರುವ ಹಾಗೆ ತುಳಿದ. ಅರ್ಧ ಏರು ದಾಟಿದಾಗ ಮೊದಲನೇ ಸುರಂಗ ಹಾರಿತು.

ಗಾಳಿ ಬೆನ್ನಿಗೆ ಗೋಡೆಯ ಹಾಗೆ ಬಡಿದು ಇಬ್ಬರನ್ನೂ ಎತ್ತಿ ಒಗೆಯಿತು. ಕಲ್ಲಿನ ಮಳೆ ಸುರಿಯಿತು. ಎರಡನೆಯದು, ಮೂರನೆಯದು. ಒಂದು ಚಿಪ್ಪು ಚಂದ್ರಾಮನ ಕಿವಿಯ ಮೇಲ್ಭಾಗ ಕತ್ತರಿಸಿಕೊಂಡು ಹೋಯಿತು. ಇನ್ನೊಂದು ಭೀಮಶ್ಯಾನ ಬೆನ್ನನ್ನು ಹೆಗಲಿನಿಂದ ಸೊಂಟದವರೆಗೆ ತೆರೆಯಿತು. ನಾಲ್ಕನೆಯದು ಹಾರಿದ ಮೇಲೆ ಚಂದ್ರಾಮ ಅವನ ಅಂಗಿಯ ಕೊರಳು ಹಿಡಿದು, ಉಳಿದ ಏರನ್ನು ಎಳೆದುಕೊಂಡು ಬಂದು, ಆಳುಗಳ ಮುಂದೆ ಒಗೆದ.

"ಹೇಳು."

ಭೀಮಶ್ಯಾ ಹೇಳಿದ. ಮಣ್ಣಿನಲ್ಲಿ ಮುಖವಿಟ್ಟುಕೊಂಡೇ ಹೇಳಿದ. ಇವತ್ತೂ ಅವತ್ತೂ ಬತ್ತಿ ಅರ್ಧ ಮಾಡಿದವ ನಾನೇ, ಅಂವ ಕುಡಿದಿರಲಿಲ್ಲ. ಎರಡು ಸಲ ಹೇಳಿಸಿದ ಚಂದ್ರಾಮ. ಭೀಮಶ್ಯಾ ಎರಡನೇ ಸಲ ಹೇಳುವಾಗ ಚಂದ್ರಾಮ ಪೀರಮ್ಮನ ಮುಖ ನೋಡಿದ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ.

ಮೊದಲ ಒದೆತ ಯಾರದೆಂದು ಆಮೇಲೆ ಯಾರೂ ಹೇಳಲಿಲ್ಲ. ತಗ್ಗಿಗೆ ಇಳಿಯುವವರು ಅವರೆಲ್ಲರೂ, ಬತ್ತಿ ಅವರೆಲ್ಲರದೂ. ಒದ್ದರು, ಸನಿಕೆಯ ಕಾವಿನಿಂದ ಹೊಡೆದರು. ಸೀಳಿದ ಬೆನ್ನಿನ ಮೇಲೆ ಮಣ್ಣು ತುಳಿದರು. ಚಂದ್ರಾಮ ಸಾಕು ಅಂದ. ಅವನಿಗೆ ಬೇಕಾದದ್ದು ಸಿಕ್ಕಿತ್ತು. ಒಬ್ಬನ ರಟ್ಟೆ ಹಿಡಿದು ಎಳೆದರೆ ಇನ್ನೊಬ್ಬ ಬರುತ್ತಿದ್ದ, ಎರಡನೆಯವನನ್ನು ಹಿಡಿಯಲು ಅವನಿಗೆ ಕೈ ಇರಲಿಲ್ಲ.

ಆಮೇಲೆ ಅವರು ತಾವೇ ಸರಿದರು, ಪೀರಮ್ಮ ಬಂದಳೆಂದು. ಅವಳ ಕೈಯಲ್ಲಿ ಕಲ್ಲು ಒಡೆಯುವ ಸುತ್ತಿಗೆ ಇತ್ತು. ಭೀಮಶ್ಯಾನ ಬಲಗೈಯನ್ನು ಎಳೆದು ಫರಸಿಕಲ್ಲಿನ ಮೇಲಿಟ್ಟು, ಮಣಿಕಟ್ಟಿನ ಮೇಲೆ ಕಾಲು ಊರಿದಳು. ದಿನಾ ಕಲ್ಲಿಗೆ ಹಾಕುವ ಹಾಗೆಯೇ ಹಾಕಿದಳು. ಮೂರು ಏಟು. ಮೊದಲನೆಯದಕ್ಕೆ ಅವನು ಕೂಗಿದ. ಮೂರನೆಯದಕ್ಕೆ ಕೆಳಗಿನ ಕಲ್ಲಿನ ಸಪ್ಪಳ ಮಾತ್ರ ಬಂತು. ಚಂದ್ರಾಮ ಅವಳ ನಡು ಹಿಡಿದು ಹಿಂದಕ್ಕೆ ಜಗ್ಗಿದಾಗ ಅವಳು ಸುತ್ತಿಗೆ ಬಿಟ್ಟು, ಅಲ್ಲೇ ಕೂತು, ಸೆರಗಿನಿಂದ ಅವನ ಕಿವಿಯ ರಕ್ತ ಒತ್ತಿ ಹಿಡಿದಳು.

ಭೀಮಶ್ಯಾನನ್ನು ಲಾರಿಯಲ್ಲಿ ಹಾಕಿ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು. ಕೈ ಉಳಿಯುವುದಿಲ್ಲವೆಂದು ಸಂಜೆಯೊಳಗೆ ಸುದ್ದಿ ಬಂತು.

ಪೊಲೀಸು ಠಾಣೆಯಲ್ಲಿ ಜಮಾದಾರ ನಿಜಾಮರ ಕಾಲದವನು, ಇನ್ನೂ ಉರ್ದುವಿನಲ್ಲೇ ಬರೆದುಕೊಳ್ಳುತ್ತಿದ್ದ. ಪೀರಮ್ಮನನ್ನು ಹೊರಗೆ ಪಡಸಾಲೆಯಲ್ಲಿ ಕೂಡಿಸಿ ಚಂದ್ರಾಮನನ್ನು ಒಳಗೆ ಕರೆದರು. ಕೈ ಜಜ್ಜಿದವರು ಯಾರು ಅಂತ ಜಮಾದಾರ ಕೇಳಿದ. ನಾನೇ ಅಂದ ಚಂದ್ರಾಮ. ಜಮಾದಾರ ಅವನ ಮಡಚಿದ ತೋಳನ್ನು ನೋಡಿದ. ಮಣಿಕಟ್ಟು ಹಿಡಿದವರು ಯಾರು, ಸುತ್ತಿಗೆ ಹಿಡಿದವರು ಯಾರು ಅಂದ. ಕಾಲಿನಿಂದ ತುಳಿದು ಎಡಗೈಯಿಂದ ಹೊಡೆದೆ ಅಂದ ಚಂದ್ರಾಮ. ಅವನ ದನಿಯಲ್ಲಿ ಅಳುಕು ಇರಲಿಲ್ಲ.

ಜಮಾದಾರ ನಂಬಿದನೋ ಇಲ್ಲವೋ, ಲೇಖನಿ ಮಸಿಯಲ್ಲಿ ಅದ್ದಿದ. ಒಂದು ಕೈಯವನ ಮೇಲೆ ಅವನಿಗೆ ಕನಿಕರ ಹುಟ್ಟಿದ ಹಾಗಿತ್ತು.

"ಕುಡ್ದ ಅಮಲಿನಾಗ ಮಾಡ್ದೆ ಅಂತ ಬರದ್ರ ನಿನಗ ಹಗುರ ಆಗ್ತದ ನೋಡು. ಕುಡ್ದಿದ್ದ್ಯಾ?"

ಚಂದ್ರಾಮ ಬಾಗಿಲಿನ ಕಡೆ ನೋಡಲಿಲ್ಲ. ಹಲ್ಲು ಹೋದ ಸಂದಿಯನ್ನು ನಾಲಿಗೆಯಿಂದ ಮುಟ್ಟಿದ.

"ಹೌದ್ರಿ. ಕುಡ್ದಿದ್ದೆ."

ಲೇಖನಿ ಬಲದಿಂದ ಎಡಕ್ಕೆ ಓಡಿತು. ಸಾಲು ಮುಗಿಯುವ ಮೊದಲೇ ಪೀರಮ್ಮ ಒಳಗೆ ಬಂದು, ತಡೆದ ಪೊಲೀಸನನ್ನು ಹೆಗಲಿನಿಂದ ಸರಿಸಿ, ಎರಡೂ ಕೈ ಮೇಜಿನ ಮೇಲೆ ಇಟ್ಟಳು. ಉಗುರಿನೊಳಗಿನ ರಕ್ತ ಇನ್ನೂ ಒಣಗಿರಲಿಲ್ಲ.

"ಬರೀಬ್ಯಾಡ್ರಿ ಸಾಹೇಬ್ರ. ಇಂವ ಇವತ್ತ ಕುಡ್ದಿಲ್ಲ. ಕೈ ಹೋದ ದಿನಾನೂ ಕುಡ್ದಿದ್ದಿಲ್ಲ. ಸುತ್ತಿಗಿ ಹಿಡ್ದಾಕಿ ನಾನು."

ಚಂದ್ರಾಮ ಎದ್ದು ಏನೋ ಹೇಳಲು ಹೋದ.

"ನೀ ಸುಮ್ಮ ಕುಂದ್ರು," ಅಂದಳು ಅವಳು, ಅವನ ಕಡೆ ತಿರುಗದೆ.

ಜಮಾದಾರ ಬರೆದದ್ದರ ಮೇಲೆ ಅಡ್ಡಗೆರೆ ಎಳೆದು, ಹೊಸ ಹಾಳೆ ತೆಗೆದು, ಹೆಸರು ಕೇಳಿದ. ಅವಳು ತನ್ನ ಹೆಸರು ಹೇಳಿದಳು, ತಂದೆಯ ಹೆಸರು ಹೇಳಿದಳು, ಊರು ಕಾಳಗಿ ಅಂದಳು. ಗಂಡನ ಹೆಸರು ಕೇಳಿದಾಗ, ಹೆಂಗಸರು ಅದನ್ನು ಬಾಯಿಂದ ಅನ್ನುವುದಿಲ್ಲವೆಂದು ಜಮಾದಾರ ಚಂದ್ರಾಮನ ಕಡೆ ಮುಖ ತಿರುಗಿಸಿದ. ಅವನು ಬಾಯಿ ತೆರೆಯುವ ಮೊದಲೇ ಅವಳು ಅದನ್ನೂ ತಾನೇ ಹೇಳಿದಳು, ಪಡಸಾಲೆಯಲ್ಲಿ ಕೂತ ಆಳುಗಳಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ.